ತವರಿಗೆ ಹೊರಟ ಮೊದಲ ಕಾರು

(ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂದರ್ಶಿಸಿದ ಹಬ್ಬದ ಪ್ರಬೋಧನೆ, ಮೇ 31)



ಮಾತೆ ಮರಿಯಮ್ಮನವರು ತಮ್ಮ ಬಂಧು ಎಲಿಜಬೇತಮ್ಮನವರ ಮನೆಗೆ ಹೋದ ಘಟನೆಯನ್ನು ನಾವು ಇಂದು ಹಬ್ಬವಾಗಿ ಆಚರಿಸುತ್ತಿದ್ದೇವೆ. ನಮ್ಮ ಊರುಗಳಲ್ಲಿ ಬೇಸಿಗೆ ರಜೆ ಮುಗಿದು ಶಾಲೆಗಳ ಬಾಗಿಲು ತೆರೆಯುವ ದಿನಗಳಿವು. ಅಜ್ಜಿಯ ಮನೆಗೆ ಹೋಗಿದ್ದ ಮಕ್ಕಳು ಹಲಸಿನ ಹಪ್ಪಳ, ಮಾವಿನ ಹಣ್ಣಿನ ಚೀಲಗಳೊಡನೆ ಮರಳಿದ್ದಾರೆ. ಈ ಸಲ ಹೋಗಲಾಗದೆ ಉಳಿದವರೂ ಇಲ್ಲಿದ್ದಾರೆ. ಆದ್ದರಿಂದ ಈ ಹಬ್ಬ ನಮ್ಮೆಲ್ಲರ ಮನೆಗಳಿಗೆ ತೀರ ಹತ್ತಿರವಾದದ್ದು.

ನೆಂಟರ ಮನೆಗೆ ಹೋಗಿಬರುವುದನ್ನೂ ಹಬ್ಬವೆಂದು ಆಚರಿಸಬೇಕೇ ಎಂದು ಯಾರಾದರೂ ಕೇಳಬಹುದು. ಧರ್ಮಸಭೆಯು ಶತಮಾನಗಳಿಂದ ಅದನ್ನು ಆಚರಿಸುತ್ತಾ ಬಂದಿದೆ. ಹಿಂದೆ ಈ ಹಬ್ಬ ಜುಲೈ 2ರಂದು ಬರುತ್ತಿತ್ತು. 1969ರಲ್ಲಿ ಆರಾಧನಾ ಪಂಚಾಂಗವನ್ನು ಪರಿಷ್ಕರಿಸಿದಾಗ ಮೇ 31ಕ್ಕೆ ಬಂತು. ಜಪಸರ ಪ್ರಾರ್ಥನೆಯಲ್ಲಿ ಸಂತೋಷದ ರಹಸ್ಯಗಳ ಪೈಕಿ ಎರಡನೆಯದಾಗಿ ನಾವು ಧ್ಯಾನಿಸುವುದೂ ಇದನ್ನೇ.

ಸಂತ ಲೂಕರು ಬರೆದ ಶುಭಸಂದೇಶದಲ್ಲಿ ಈಗಷ್ಟೇ ಕೇಳಿದೆವು. ಮರಿಯಮ್ಮನವರು ತಡಮಾಡದೆ ಯೂದಾಯದ ಬೆಟ್ಟಗುಡ್ಡಗಳ ಊರಿಗೆ ಹೊರಟರು. ಆ ಊರಿನ ಹೆಸರನ್ನು ಲೂಕರು ಹೇಳಿಲ್ಲ. ಜೆರುಸಲೇಮಿನ ಬಳಿಯಿರುವ ಐನ್ ಕರೇಮ್ ಎಂಬ ಊರೇ ಅದೆಂದು ಸಂಪ್ರದಾಯ ಹೇಳುತ್ತದೆ. ನಜರೇತಿನಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಮೀರಿದ ದಾರಿ. ಹೋದವರು ಮುಖ ತೋರಿಸಿ ಮರುದಿನವೇ ಮರಳಲಿಲ್ಲ. ಸುಮಾರು ಮೂರು ತಿಂಗಳು ಅಲ್ಲಿ ಉಳಿದರು.

ಇಲ್ಲಿ ಒಂದು ವಿಷಯವನ್ನು ಗಮನಿಸೋಣ. ಮುಪ್ಪಿನಲ್ಲಿ ಎಲಿಜಬೇತಮ್ಮನವರು ಗರ್ಭಿಣಿಯಾಗಿದ್ದಾರೆ ಎಂಬ ಸುದ್ದಿ ಮರಿಯಮ್ಮನವರಿಗೆ ನಜರೇತಿನಲ್ಲಿದ್ದಾಗಲೇ ತಿಳಿದಿತ್ತು. ದೇವದೂತರೇ ತಂದ ಸುದ್ದಿ, ಅನುಮಾನಕ್ಕೆ ಎಡೆಯಿರಲಿಲ್ಲ. ಆದರೂ ಹೊರಟರು. ಸುದ್ದಿ ತಿಳಿಯುವುದು ಬೇರೆ, ಹೋಗಿ ನೋಡುವುದು ಬೇರೆ. ಇಂದು ನಾವು ಚಿಂತಿಸಬೇಕಾದದ್ದು ಇದೊಂದನ್ನೇ.

ಮ್ಯಾನ್‌ಹೈಮಿನಿಂದ ಹೊರಟ ಗಾಡಿ

ಈ ಮಾತನ್ನು ಮನಸ್ಸಿಗೆ ತರುವ ಇನ್ನೊಂದು ಪ್ರಯಾಣವಿದೆ. ಅದು ಶುಭಸಂದೇಶದ್ದಲ್ಲ, ಮೋಟಾರು ಗಾಡಿಯ ಇತಿಹಾಸದ್ದು. ಚರ್ಚಿನ ಅಂಗಳದಲ್ಲಿ ಈಗ ಸಾಲಾಗಿ ನಿಂತಿರುವ ನಿಮ್ಮ ಕಾರುಗಳಿಗೆಲ್ಲ ಒಬ್ಬ ಮುತ್ತಜ್ಜಿ ಇದ್ದಾಳೆ ಎಂದುಕೊಳ್ಳೋಣ. ಆ ಮುತ್ತಜ್ಜಿ ಮೊತ್ತಮೊದಲು ದೂರದ ಊರಿಗೆ ಓಡಿದ್ದು ಏತಕ್ಕೆ ಗೊತ್ತೇ? ಒಬ್ಬ ಮಗಳನ್ನೂ ಆಕೆಯ ಇಬ್ಬರು ಗಂಡುಮಕ್ಕಳನ್ನೂ ತವರುಮನೆಗೆ ಕರೆದೊಯ್ಯಲು.

ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ಬೆಂಜ್ ಎಂಬ ಎಂಜಿನಿಯರ್ ಇದ್ದರು. ಕುದುರೆಯ ಹಂಗಿಲ್ಲದೆ ತಾನಾಗಿ ಓಡುವ ಗಾಡಿಯನ್ನು ಮಾಡಬೇಕೆಂಬುದು ಅವರ ಹಟ. 1886ರ ಜನವರಿ 29ರಂದು ಅಂಥ ಗಾಡಿಯ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಅವರ ಹೆಂಡತಿಯ ಹೆಸರು ಬೆರ್ತಾ. 1849ರಲ್ಲಿ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದವರು, ಮದುವೆಯಾದದ್ದು 1872ರಲ್ಲಿ. ಮದುವೆಗೆ ಮೊದಲು ಕಾರ್ಲರ ಕಾರ್ಖಾನೆ ಕೈತಪ್ಪುವ ಸ್ಥಿತಿಗೆ ಬಂದಿತ್ತು. ಆಗ ಬೆರ್ತಾ ಅವರು ತವರಿನಿಂದ ತಮಗೆ ಸಲ್ಲಬೇಕಿದ್ದ ಹಣವನ್ನು ಮುಂಚಿತವಾಗಿಯೇ ಕೇಳಿ ಪಡೆದರು. ಅದರಿಂದ ಪಾಲುದಾರನ ಪಾಲನ್ನು ಬಿಡಿಸಿಕೊಳ್ಳಲು ಸಾಧ್ಯವಾಯಿತು. ಪೇಟೆಂಟ್ ಪತ್ರದಲ್ಲಿ ಬೆರ್ತಾ ಅವರ ಹೆಸರಿಲ್ಲ. ಆದರೆ ಆ ಗಾಡಿಯ ಹಿಂದೆ ಒಂದು ತವರುಮನೆಯ ದುಡ್ಡೂ ಒಬ್ಬ ಹೆಣ್ಣುಮಗಳ ನಂಬಿಕೆಯೂ ಇದ್ದವು.

ಗಾಡಿ ಸಿದ್ಧವಾಯಿತು, ಕೊಳ್ಳುವವರು ಬರಲಿಲ್ಲ. ಜನ ಅದನ್ನು ಸಂಶಯದಿಂದ ನೋಡುತ್ತಿದ್ದರು. ಕಾರ್ಲರಿಗಾದರೋ ಇನ್ನೂ ಅದು ಸರಿಯಾಗಬೇಕು, ಇದು ಸರಿಯಾಗಬೇಕು ಎಂಬ ಚಿಂತೆ. ಗಾಡಿ ಓಡಿದ್ದು ಊರಿನ ಸುತ್ತಮುತ್ತ ಮಾತ್ರ.

1888ರ ಆಗಸ್ಟ್ ತಿಂಗಳು. ಮಕ್ಕಳಿಗೆ ಶಾಲೆಯ ರಜೆ. ಬೆರ್ತಾ ಅವರು 15 ವರ್ಷದ ಓಯ್ಗೆನ್ ಮತ್ತು 14ನೇ ವರ್ಷ ನಡೆಯುತ್ತಿದ್ದ ರಿಚರ್ಡ್ ಎಂಬ ತಮ್ಮ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಒಂದು ಬೆಳಗ್ಗೆ ಆ ಗಾಡಿಯಲ್ಲಿ ಫೋರ್ಟ್ಸ್‌ಹೈಮಿಗೆ, ತಮ್ಮ ತಾಯಿಯ ಮನೆಗೆ ಹೊರಟೇಬಿಟ್ಟರು. ಗಂಡನಿಗೆ ಹೇಳಲಿಲ್ಲ. ಇಲ್ಲಿ ಕುಳಿತಿರುವ ಗಂಡಂದಿರು ಕಸಿವಿಸಿಪಡಬೇಡಿ. ಹೇಳಿದ್ದರೆ ಬೇಡವೆನ್ನುತ್ತಿದ್ದರು ಎಂಬುದು ಹೆಂಡತಿಗೆ ಗೊತ್ತಿದ್ದಿರಬೇಕು.

ಅಂದು ಆ ಸೀಮೆಯಲ್ಲಿ ರೈಲು ಇತ್ತು. ರೈಲಿನಲ್ಲಿ ಸುಖವಾಗಿ ಕುಳಿತು ತವರಿಗೆ ಹೋಗಬಹುದಿತ್ತು. ಗಾಡಿಯಲ್ಲೇ ಹೋದದ್ದಕ್ಕೆ ಎರಡು ಕಾರಣಗಳನ್ನು ಹೇಳುತ್ತಾರೆ. ತಾಯಿಯನ್ನು ನೋಡಬೇಕು ಎಂಬುದು ಒಂದು. ಗಂಡ ಇಷ್ಟು ವರ್ಷ ಪಟ್ಟ ಶ್ರಮ ವ್ಯರ್ಥವಲ್ಲ ಎಂಬುದನ್ನು ಜನರಿಗೂ ಗಂಡನಿಗೂ ತೋರಿಸಬೇಕು ಎಂಬುದು ಇನ್ನೊಂದು.

ಗಾಡಿ ಹೇಗಿತ್ತು ಎಂದು ಮಕ್ಕಳು ತಿಳಿಯಬೇಕು. ಮೂರು ಚಕ್ರ: ಮುಂದೆ ಒಂದು, ಹಿಂದೆ ಎರಡು. ಮೇಲೆ ಮುಚ್ಚಿಗೆಯಿಲ್ಲ, ಪಕ್ಕಕ್ಕೆ ಬಾಗಿಲಿಲ್ಲ. ದುಂಡನೆಯ ಸ್ಟಿಯರಿಂಗ್ ಕೂಡ ಇಲ್ಲ. ಒಂದು ಹಿಡಿಕೆಯಿಂದ ಮುಂದಿನ ಚಕ್ರವನ್ನು ತಿರುಗಿಸಬೇಕು. ಎಂಜಿನ್ನಿಗೆ ಒಂದೇ ಸಿಲಿಂಡರ್, ಅದೂ ಸೀಟಿನ ಹಿಂದೆ. ಅದನ್ನು ಚಾಲೂ ಮಾಡಲು ದೊಡ್ಡದೊಂದು ಚಕ್ರವನ್ನು ಕೈಯಿಂದ ತಿರುಗಿಸಬೇಕು. ವೇಗ ಹೆಚ್ಚೆಂದರೆ ಗಂಟೆಗೆ ಸುಮಾರು 16 ಕಿಲೋಮೀಟರ್. ಸೈಕಲ್ ತುಳಿಯುವ ಹುಡುಗ ಅದನ್ನು ಹಿಂದೆ ಹಾಕಬಲ್ಲ. ಹೋಗಬೇಕಾದ ದೂರ ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಅಲ್ಲಿದ್ದದ್ದು ಎತ್ತಿನ ಬಂಡಿ, ಕುದುರೆ ಗಾಡಿಗಳಿಗೆಂದು ಮಾಡಿದ ಮಣ್ಣಿನ ದಾರಿ. ಕೈಕಂಬವಿಲ್ಲ, ಪೆಟ್ರೋಲ್ ಬಂಕ್ ಇಲ್ಲ, ಗ್ಯಾರೇಜ್ ಇಲ್ಲ. ಅಷ್ಟು ದೂರ ಮೋಟಾರು ಗಾಡಿಯಲ್ಲಿ ಅದುವರೆಗೆ ಯಾರೂ ಹೋಗಿರಲಿಲ್ಲ.

ದಾರಿಯಲ್ಲಿ ಸಿಕ್ಕವರು

ದಾರಿಯಲ್ಲಿ ಆದದ್ದನ್ನು ಒಂದೊಂದಾಗಿ ನೋಡೋಣ. ಎಂಜಿನ್ ಕಾಯುತ್ತಿತ್ತು. ಅದನ್ನು ತಂಪಾಗಿಡಲು ಹಾಕಿದ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಮತ್ತೆ ಮತ್ತೆ ನಿಲ್ಲಿಸಿ ದಾರಿಬದಿಯಲ್ಲಿ ಸಿಕ್ಕಲ್ಲಿ ನೀರು ತುಂಬಿಕೊಳ್ಳಬೇಕಾಯಿತು.

ಇಂಧನ ಮುಗಿಯುತ್ತಾ ಬಂತು. ವೀಸ್ಲೋಖ್ ಎಂಬ ಊರಿನಲ್ಲಿ ಔಷಧದಂಗಡಿಯ ಮುಂದೆ ನಿಂತು ಲಿಗ್ರೊಯಿನ್ ಎಂಬ ದ್ರವವನ್ನು ಕೊಂಡರು. ಬಟ್ಟೆಯ ಕಲೆ ತೆಗೆಯಲು ಜನ ಬಳಸುತ್ತಿದ್ದ ಒಂದು ಬಗೆಯ ಪೆಟ್ರೋಲಿಯಂ ದ್ರವ ಅದು. ಬಟ್ಟೆ ಒರೆಸುವ ದ್ರವವನ್ನು ಗಾಡಿಗೆ ಸುರಿಯುವ ಈ ಹೆಂಗಸನ್ನು ಅಂಗಡಿಯವರು ಹೇಗೆ ನೋಡಿರಬಹುದು, ನೀವೇ ಯೋಚಿಸಿ. ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಇಂದು ಹೆಸರಾಗಿರುವುದು ಆ ಔಷಧದಂಗಡಿಯೇ.

ಇಂಧನ ಹೋಗುವ ಕೊಳವೆ ಕಟ್ಟಿಕೊಂಡಿತು. ಬೆರ್ತಾ ಅವರು ತಮ್ಮ ಟೋಪಿಗೆ ಚುಚ್ಚಿದ್ದ ಉದ್ದನೆಯ ಪಿನ್ನನ್ನು ತೆಗೆದು ಅದರಿಂದಲೇ ಚುಚ್ಚಿ ಬಿಡಿಸಿದರು. ಕಿಡಿ ಹಾಯುವ ತಂತಿಯ ಮೇಲ್ಹೊದಿಕೆ ಸವೆದಾಗ ಕಾಲುಚೀಲ ಜಾರದಂತೆ ಕಟ್ಟುವ ಪಟ್ಟಿಯನ್ನು ಬಿಚ್ಚಿ ಅದಕ್ಕೆ ಸುತ್ತಿದರು. ಬ್ರೂಖ್‌ಸಾಲ್ ಊರಿನಲ್ಲಿ ಒಬ್ಬ ಕಮ್ಮಾರರು ಚೈನನ್ನು ಸರಿಪಡಿಸಿಕೊಟ್ಟರು. ಏರು ಬಂದಾಗ ಗಾಡಿ ಹತ್ತಲು ಒಲ್ಲೆನೆನ್ನುತ್ತಿತ್ತು, ಇಳಿದು ತಳ್ಳಬೇಕು. ಇಳಿಜಾರಿನಲ್ಲಿ ಬೇರೊಂದು ಭಯ. ಬ್ರೇಕಿನ ಮರದ ತುಂಡುಗಳು ಸವೆದುಹೋಗುತ್ತಿದ್ದವು. ಬೌಶ್ಲೋಟ್ ಎಂಬ ಹಳ್ಳಿಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರಿಂದ ಆ ತುಂಡುಗಳಿಗೆ ಚರ್ಮದ ಹೊದಿಕೆ ಹೊಡೆಸಿದರು. ಇಂದು ನಮ್ಮ ಗಾಡಿಗಳಲ್ಲಿರುವ ಬ್ರೇಕ್ ಲೈನಿಂಗ್ ಶುರುವಾದದ್ದು ಹಾಗೆ.

ಸಂಜೆಯ ಹೊತ್ತಿಗೆ ಫೋರ್ಟ್ಸ್‌ಹೈಮ್ ಸೇರಿದರು. ತಲುಪಿದ ಕೂಡಲೇ ಬೆರ್ತಾ ಅವರು ಮಾಡಿದ ಕೆಲಸ, ಕ್ಷೇಮವಾಗಿ ಸೇರಿದೆವೆಂದು ಗಂಡನಿಗೆ ತಂತಿ ಕಳುಹಿಸಿದ್ದು. ಕೆಲವು ದಿನ ತವರಿನಲ್ಲಿದ್ದು ಅದೇ ಗಾಡಿಯಲ್ಲಿ, ಬೇರೊಂದು ದಾರಿಯಿಂದ ಮ್ಯಾನ್‌ಹೈಮಿಗೆ ಮರಳಿದರು.

ಪ್ರಿಯರೇ, ಈ ಪ್ರಯಾಣವನ್ನು ಒಬ್ಬ ಧೈರ್ಯವಂತ ಮಹಿಳೆಯ ಸಾಹಸವೆಂದು ಲೋಕ ಕೊಂಡಾಡುತ್ತದೆ. ಅದು ನಿಜ. ಆದರೆ ಆ ಔಷಧದಂಗಡಿಯವರಿಲ್ಲದೆ, ಕಮ್ಮಾರರಿಲ್ಲದೆ, ಚಪ್ಪಲಿ ಹೊಲಿಯುವವರಿಲ್ಲದೆ, ಗಾಡಿ ತಳ್ಳಿದ ಮಕ್ಕಳಿಲ್ಲದೆ ಆಕೆ ತಾಯಿಯ ಮನೆಯನ್ನು ಮುಟ್ಟುತ್ತಿರಲಿಲ್ಲ. ಮಗಳು ತಾಯಿಯನ್ನು ಕಾಣಲು ದಾರಿಯವರ ಕೈಗಳೂ ಬೇಕಾದವು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಹೇಳುತ್ತೇವೆ.

ಹೋದರೆ ತಿಳಿಯುವುದು

ಮ್ಯಾನ್‌ಹೈಮಿಗೆ ಮರಳಿದ ಮೇಲೆ ಆದದ್ದು ನಮಗೆ ಹೆಚ್ಚು ಮುಖ್ಯ. ಏರು ಹತ್ತಲು ಗಾಡಿಗೆ ಇನ್ನೊಂದು ಗೇರ್ ಬೇಕು ಎಂಬುದು ಈ ಪ್ರಯಾಣದಿಂದ ತಿಳಿಯಿತು, ಕಾರ್ಲ್ ಅದನ್ನು ಸೇರಿಸಿದರು. ಬ್ರೇಕಿಗೆ ಚರ್ಮದ ಹೊದಿಕೆ ಬೇಕೆಂಬುದೂ ತಿಳಿಯಿತು. ಅದೇ ವರ್ಷ ಮ್ಯೂನಿಕ್ ನಗರದ ಪ್ರದರ್ಶನದಲ್ಲಿ ಅವರ ಗಾಡಿಗೆ ಚಿನ್ನದ ಪದಕ ಬಂತು.

ಕಾರ್ಲ್ ಬೆಂಜ್ ಜಾಣ ಎಂಜಿನಿಯರ್. ಗಾಡಿಯ ಪ್ರತಿಯೊಂದು ಮೊಳೆಯೂ ಅವರಿಗೆ ಗೊತ್ತಿತ್ತು. ಆದರೆ ಅದು ಏರಿನಲ್ಲಿ ಸೋಲುತ್ತದೆ, ಇಳಿಜಾರಿನಲ್ಲಿ ಅದರ ಬ್ರೇಕ್ ಸವೆಯುತ್ತದೆ ಎಂಬುದು ಬೆಟ್ಟದ ದಾರಿ ಹಿಡಿದಾಗ ಚೆನ್ನಾಗಿ ಕಂಡಿತು. ಕೊಟ್ಟಿಗೆಯಲ್ಲಿ ನಿಂತ ಗಾಡಿಯಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ.

ಕುಟುಂಬದ ವಿಷಯವೂ ಹೀಗೆಯೇ. ಊರಿನಲ್ಲಿ ಒಂಟಿಯಾಗಿರುವ ತಾಯಿಗೆ ಭಾನುವಾರ ಪೂಜೆ ಮುಗಿದ ಮೇಲೆ ನಾವು ಫೋನ್ ಮಾಡುತ್ತೇವೆ. "ಹೇಗಿದ್ದೀಯಮ್ಮ?" ಎಂದರೆ "ಚೆನ್ನಾಗಿದ್ದೇನೆ ಮಗಾ, ನೀವು ಚೆನ್ನಾಗಿರಿ" ಎನ್ನುತ್ತಾಳೆ. ಯಾವ ತಾಯಿ ಬೇರೆ ಹೇಳಿಯಾಳು? ವಿಡಿಯೊ ಕರೆಯಲ್ಲಿ ಮುಖವೂ ಕಾಣುತ್ತದೆ, ನಗುವೂ ಕಾಣುತ್ತದೆ. ಅಲ್ಲಿಗೆ ನಮ್ಮ ಮನಸ್ಸಿಗೆ ಸಮಾಧಾನ. ಆದರೆ ಮನೆಗೆ ಹೋಗಿ ಎರಡು ದಿನ ಇದ್ದು ನೋಡಿ. ಜಗಲಿಯ ಬಲ್ಬು ಸುಟ್ಟು ತಿಂಗಳಾಗಿದೆ, ಹಾಕಲು ಆಳಿಲ್ಲ. ರಕ್ತದೊತ್ತಡದ ಮಾತ್ರೆಯ ಪಟ್ಟಿಯಲ್ಲಿ ಮಾತ್ರೆಗಳು ಹಾಗೇ ಇವೆ, ಮರೆತುಹೋಗಿದೆ. ಬಚ್ಚಲಿನ ನೆಲ ಜಾರುತ್ತದೆ, ಗೋಡೆ ಹಿಡಿದು ನಡೆಯುತ್ತಾಳೆ. ಒಬ್ಬಳಿಗೇ ಏನು ಅಡುಗೆ ಎಂದು ಬೆಳಗಿನ ಗಂಜಿಯನ್ನೇ ರಾತ್ರಿಯೂ ಕುಡಿಯುತ್ತಾಳೆ. ತಂದೆಗೆ ಕಿವಿ ಮಂದವಾಗಿದೆ. ಫೋನಿನಲ್ಲಿ ನಾವು ಹೇಳಿದ್ದಕ್ಕೆಲ್ಲ ಹೂಂ ಎಂದದ್ದು ಕೇಳಿಸದೆಯೇ. ಇವು ಯಾವುದೂ ಫೋನಿನಲ್ಲಿ ಬರುವ ಸುದ್ದಿಗಳಲ್ಲ. ಹೋದವರಿಗೆ ಮಾತ್ರ ಕಾಣುವ ಸಂಗತಿಗಳು.

ಮರಿಯಮ್ಮನವರೂ ಸುದ್ದಿ ಕೇಳಿ ಸಂತೋಷಪಟ್ಟು ನಜರೇತಿನಲ್ಲೇ ಪ್ರಾರ್ಥಿಸುತ್ತಾ ಉಳಿಯಬಹುದಿತ್ತು. ಹೋದದ್ದರಿಂದ ಎಲಿಜಬೇತಮ್ಮನವರ ಕೊನೆಯ ತಿಂಗಳುಗಳಲ್ಲಿ ಜೊತೆಗಿರಲು ಆಯಿತು. ಮಾತು ಹೊರಡದ ಜಕರೀಯರು, ವಯಸ್ಸಾದ ಬಸುರಿ ಹೆಂಡತಿ: ಆ ಮನೆಗೆ ಎಳೆಯ ಕೈಕಾಲುಗಳು ಎಷ್ಟು ಬೇಕಾಗಿದ್ದವು ಎಂಬುದು ಅಲ್ಲಿಗೆ ಹೋದವರಿಗೆ ತಾನೇ ತಿಳಿಯುವುದು?

ಇನ್ನೊಂದು ಮಾತು. ಗಾಡಿಯಲ್ಲಿ ಕೊರತೆ ಕಂಡಾಗ ಬೆರ್ತಾ ಅವರು ಅದನ್ನು ಮುಚ್ಚಿಡಲಿಲ್ಲ, ಗಾಡಿಯನ್ನು ದಾರಿಯಲ್ಲಿ ಬಿಟ್ಟು ರೈಲು ಹತ್ತಲೂ ಇಲ್ಲ. ಕಂಡದ್ದನ್ನು ಸರಿಪಡಿಸುವ ದಾರಿ ಹುಡುಕಿದರು. ನಾವು ಊರಿಗೆ ಹೋದಾಗ ತಾಯಿಯ ಮರೆವನ್ನು ಕಂಡು ಗದರುತ್ತೇವೆ. "ಎಷ್ಟು ಸಲ ಹೇಳುವುದು?" ಎನ್ನುತ್ತೇವೆ. ಅಣ್ಣತಮ್ಮಂದಿರು ನೀನು ನೋಡಿಕೊಳ್ಳಬೇಕಿತ್ತು, ನಾನೇಕೆ ನೋಡಿಕೊಳ್ಳಲಿ ಎಂದು ತಾಯಿಯ ಎದುರಿಗೇ ವಾದಿಸುತ್ತಾರೆ. ಕೊರತೆ ಕಾಣುವುದು ಸರಿಪಡಿಸಲೆಂದು. ಬಲ್ಬು ಹಾಕಲು, ಮಾತ್ರೆಗಳನ್ನು ದಿನಕ್ಕೊಂದರಂತೆ ಡಬ್ಬಿಯಲ್ಲಿ ಜೋಡಿಸಲು, ಬಚ್ಚಲಿಗೆ ಹಿಡಿಕೆಯೊಂದನ್ನು ಕೂರಿಸಲು ಅರ್ಧ ದಿನ ಸಾಕು.

ನಮ್ಮ ಕಾರುಗಳು ಎತ್ತ ಹೋಗುತ್ತಿವೆ?

ನಮ್ಮ ಹಿರಿಯರಿಗೆ ಅಂಬಾಸಿಡರ್ ಕಾರಿನ ನೆನಪಿದೆ. 1950ರ ದಶಕದ ಕೊನೆಯಿಂದ 2014ರವರೆಗೆ ಆ ಕಾರು ನಮ್ಮ ದೇಶದಲ್ಲಿ ತಯಾರಾಗುತ್ತಿತ್ತು. ಇಂದು ಅದನ್ನು ಹಳೆಯ ಕಾರುಗಳ ಮೆರವಣಿಗೆಯಲ್ಲಿ ನೋಡುತ್ತೇವೆ. ಅಂದು ಎಷ್ಟೋ ಕುಟುಂಬಗಳಿಗೆ ಸ್ವಂತ ಕಾರು ಕನಸಾಗಿತ್ತು. ಮದುವೆಗೋ ದೊಡ್ಡ ಹಬ್ಬಕ್ಕೋ ಎಲ್ಲರೂ ಸೇರಿ ಬಾಡಿಗೆಗೆ ಒಂದು ಅಂಬಾಸಿಡರ್ ಹಿಡಿಯುತ್ತಿದ್ದರು. ಮುಂದಿನ ಉದ್ದ ಸೀಟಿನಲ್ಲಿ ಡ್ರೈವರ್ ಜೊತೆಗೆ ಮೂವರು, ಹಿಂದೆ ದೊಡ್ಡವರು ನಾಲ್ವರು, ಅವರ ತೊಡೆಯ ಮೇಲೆ ಮಕ್ಕಳು. ಮೇಲೆ ಕ್ಯಾರಿಯರಿನಲ್ಲಿ ಟ್ರಂಕು, ಹಾಸಿಗೆ, ಬಾಳೆಗೊನೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಘಟ್ಟ ಹತ್ತುವಾಗ ರೇಡಿಯೇಟರಿನ ನೀರು ಕುದಿಯುತ್ತಿತ್ತು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ, ಮಕ್ಕಳ ಕೈಗೆ ಡಬ್ಬಿ ಕೊಟ್ಟು ಝರಿಯ ನೀರು ತರಲು ಕಳುಹಿಸುತ್ತಿದ್ದರು. ಬೆರ್ತಾ ಅವರ ಮಕ್ಕಳು ಮಾಡಿದ್ದನ್ನೇ ನೂರು ವರ್ಷಗಳ ಹತ್ತಿರ ಹತ್ತಿರ ನಮ್ಮ ಮಕ್ಕಳೂ ಮಾಡಿದರು. ಆ ಕಾಯುವ ಹೊತ್ತಿನಲ್ಲಿ ಬುತ್ತಿ ಬಿಚ್ಚಿ ಉಂಡದ್ದು, ಅಜ್ಜ ಹೇಳಿದ ಕಥೆ, ಹಿಂದೆ ಬಂದ ಲಾರಿಯವರು ಇಳಿದು ಸಹಾಯ ಮಾಡಿದ್ದು, ಇವೇ ಇಂದಿಗೂ ಮನೆಮನೆಗಳಲ್ಲಿ ನೆನಪಾಗಿ ಉಳಿದಿವೆ.

ಕರಾವಳಿಯ ಕುಟುಂಬಗಳಲ್ಲಿ ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಎಲ್ಲರೂ ಮೂಲಮನೆಗೆ ಬರಬೇಕೆಂಬ ಪದ್ಧತಿ ಇದೆ. ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಬರಲಾಗದ ಮಗನಿಗೆ, ಮಗಳಿಗೆ ಆ ಕಾಳನ್ನು ಲಕೋಟೆಯಲ್ಲಿಟ್ಟು ದೂರದ ಊರಿಗೆ ಕಳುಹಿಸುವ ತಾಯಂದಿರು ಇಂದಿಗೂ ಇದ್ದಾರೆ. ಆ ಲಕೋಟೆಗೆ ತಾಯಿಯ ಪ್ರೀತಿಯೂ ಗೊತ್ತು, ಆಕೆಯ ಎದುರಿನ ಖಾಲಿ ಮಣೆಯೂ ಗೊತ್ತು.

ಇಂದು ದಾರಿಗಳು ಅಗಲವಾಗಿವೆ. ಕಾರಿನೊಳಗೆ ತಂಪು ಗಾಳಿ ಇದೆ, ದಾರಿ ತೋರಿಸಲು ಫೋನಿದೆ. ಬೆರ್ತಾ ಅವರಿಗೆ ಬೆಳಗಿನಿಂದ ಸಂಜೆಯವರೆಗೆ ಹಿಡಿದ ದೂರ ನಮಗೆ ಎರಡು ಮೂರು ಗಂಟೆ. ಹೊಸ ವಾಹನ ಕೊಂಡಾಗ ಅದನ್ನು ಚರ್ಚಿನ ಅಂಗಳಕ್ಕೆ ತರುತ್ತೇವೆ. ಗುರುಗಳು ಪವಿತ್ರ ಜಲ ಚಿಮುಕಿಸಿ ಪ್ರಾರ್ಥಿಸುತ್ತಾರೆ. ಕನ್ನಡಿಗೆ ಜಪಸರ ತೂಗುಹಾಕುತ್ತೇವೆ. ಅಪಘಾತವಾಗದಿರಲಿ ಎಂದು ಬೇಡುತ್ತೇವೆ, ಬೇಡಬೇಕಾದದ್ದೇ. ಆದರೆ ಆ ವಾಹನ ಎತ್ತ ಹೋಗಲಿ ಎಂದೂ ಬೇಡಿದ್ದೇವೆಯೇ? ಆಫೀಸಿಗೆ ಹೋಗುತ್ತದೆ, ಮಾಲ್‌ಗೆ ಹೋಗುತ್ತದೆ, ರಜೆಯಲ್ಲಿ ರೆಸಾರ್ಟಿಗೆ ಹೋಗುತ್ತದೆ. ರೆಸಾರ್ಟಿನ ದಾರಿಯಲ್ಲೇ ಅಪ್ಪನ ಊರಿನ ಕೈಕಂಬ ಬರುತ್ತದೆ. "ಬರುವಾಗ ನೋಡೋಣ" ಎನ್ನುತ್ತೇವೆ. ಬರುವಾಗ ಕತ್ತಲಾಗಿರುತ್ತದೆ.

ಇದಕ್ಕಿಂತ ನೋವಿನ ಸಂಗತಿಯೊಂದಿದೆ. ಕೆಲವರು ಊರಿಗೆ ಹೋಗುತ್ತಾರೆ, ಆದರೆ ಅಣ್ಣನ ಮನೆಯ ಮುಂದೆಯೇ ಕಾರು ಹಾದುಹೋಗುತ್ತದೆ, ನಿಲ್ಲುವುದಿಲ್ಲ. ಎಂದೋ ನಡೆದ ಪಾಲುಪಟ್ಟಿಯಲ್ಲಿ ಹತ್ತು ಸೆಂಟು ಜಾಗ ಹೆಚ್ಚುಕಡಿಮೆ ಆಯಿತು ಎಂಬುದು ಕಾರಣ. ಒಂದೇ ತಾಯಿಯ ಮಕ್ಕಳು ಒಂದೇ ಚರ್ಚಿನಲ್ಲಿ ಎರಡು ಬದಿಯ ಬೆಂಚುಗಳಲ್ಲಿ ಕುಳಿತು, ಒಂದೇ ಪ್ರಸಾದ ಸ್ವೀಕರಿಸಿ, ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಮಕ್ಕಳು ಕಾರಿನ ಕಿಟಕಿಯಿಂದ ಆ ಮನೆಯನ್ನು ನೋಡಿ "ಅದು ಯಾರ ಮನೆ?" ಎಂದು ಕೇಳುವ ದಿನ ಬರುತ್ತದೆ. ದೊಡ್ಡಪ್ಪನ ಮನೆ ಎಂದು ಹೇಳಲು ನಾಲಿಗೆ ತಡವರಿಸುತ್ತದೆ. ನಜರೇತಿನಿಂದ ಐನ್ ಕರೇಮಿಗಿಂತಲೂ ದೂರದ ದಾರಿ ಅದು. ನಡೆಯಬೇಕಾದದ್ದು ರಸ್ತೆಯಿಂದ ಅಂಗಳದವರೆಗೆ ಹತ್ತೇ ಹೆಜ್ಜೆ. ಆ ಹತ್ತು ಹೆಜ್ಜೆಯನ್ನು ಮೊದಲು ಇಡುವವರು ಸೋತವರಲ್ಲ. ಬೆಟ್ಟದ ದಾರಿ ಹಿಡಿದು ಮೊದಲು ಹೊರಟವರು ದೇವಮಾತೆ. ಸಣ್ಣವರು ದೊಡ್ಡವರು ಎಂಬ ಲೆಕ್ಕ ಅಲ್ಲಿ ಬರಲಿಲ್ಲ.

ಹೋಗುವವರಿಗೆ, ಕಾಯುವವರಿಗೆ, ನೆರೆಯವರಿಗೆ

ಈಗ ಮೂರು ಬಗೆಯವರಿಗೆ ಮೂರು ಮಾತು.

ಮೊದಲನೆಯದು, ಹೋಗಬಲ್ಲವರಿಗೆ. ದಿನ ಗೊತ್ತುಮಾಡಿ ಹೋಗಿ. ಪುರಸೊತ್ತಾದಾಗ ಹೋಗುತ್ತೇವೆ ಎಂದವರಿಗೆ ಪುರಸೊತ್ತು ಸ್ಮಶಾನದ ದಾರಿಯಲ್ಲೇ ಸಿಗುತ್ತದೆ. ಅಂತ್ಯಕ್ರಿಯೆಗೆ ರಾತ್ರೋರಾತ್ರಿ ಕಾರು ಓಡಿಸಿಕೊಂಡು ಬಂದು ಪೆಟ್ಟಿಗೆಯ ಮೇಲೆ ಬಿದ್ದು ಅಳುವ ಮಕ್ಕಳನ್ನು ನಾವು ಬಹಳ ಕಂಡಿದ್ದೇವೆ. ಆ ದಾರಿ ಹಗಲಿನಲ್ಲೂ ತೆರೆದೇ ಇರುತ್ತದೆ. ಹೋದಾಗ ಮಕ್ಕಳನ್ನೂ ಕರೆದೊಯ್ಯಿರಿ; ಬೆರ್ತಾ ಅವರು ಮಕ್ಕಳನ್ನು ಜೊತೆಗೆ ಕರೆದೊಯ್ದಂತೆ. ತಳ್ಳುವ ಕೆಲಸವನ್ನೂ ಅವರಿಗೆ ಕೊಡಿ. ಅಜ್ಜನ ಕೈಹಿಡಿದು ಚರ್ಚಿಗೆ ನಡೆಸುವುದು, ಅಜ್ಜಿಗೆ ಪತ್ರಿಕೆ ಓದಿಹೇಳುವುದು ಅವರ ಪಾಲಿನ ಕೆಲಸವಾಗಲಿ.

ಎರಡನೆಯದು, ಮನೆಯಲ್ಲಿ ಕಾಯುವ ಹಿರಿಯರಿಗೆ. ಮಕ್ಕಳು ಬಂದು ಬಾಗಿಲಲ್ಲಿ ನಿಂತಾಗ "ಈಗ ನೆನಪಾಯಿತೇ?" ಎನ್ನಬೇಡಿ. ಆ ಮಾತಿನ ಹಿಂದಿರುವ ನೋವು ನಮಗೆ ಅರ್ಥವಾಗುತ್ತದೆ. ಆದರೆ ನೂರಾರು ಕಿಲೋಮೀಟರ್ ಬಂದವರಿಗೆ ಮೊದಲು ಕೇಳಬೇಕಾದದ್ದು ಆ ಮಾತಲ್ಲ. ಎಲಿಜಬೇತಮ್ಮನವರು ಬಂದವರ ದನಿ ಕೇಳಿದೊಡನೆ ಸಂತೋಷದಿಂದ ಹರಸಿದರು. ತಮ್ಮ ಕಷ್ಟದ ಪಟ್ಟಿ ಬಿಚ್ಚಲಿಲ್ಲ. ಹಾಗೆಯೇ, ನಿಮ್ಮ ಬೇನೆಯನ್ನು ಮುಚ್ಚಿಡಲೂ ಬೇಡಿ. ಮಕ್ಕಳು ಬಂದ ದಿನವಾದರೂ ಮೊಣಕಾಲು ನೋಯುತ್ತದೆ ಎಂದು ಹೇಳಿಬಿಡಿ.

ಎಲ್ಲರಿಗೂ ಬರಲಾಗುವುದಿಲ್ಲ ಎಂಬುದನ್ನೂ ಹಿರಿಯರು ತಿಳಿಯಬೇಕು. ಕೊಲ್ಲಿ ದೇಶದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್ ಮಗಳಿದ್ದಾಳೆ. ರಜೆ ಸಿಗದ ಸೈನಿಕ ಮಗನಿದ್ದಾನೆ. ಬಸ್ಸಿನ ದುಡ್ಡು ಹೊಂದಿಸಲಾಗದೆ ಮನಸ್ಸಿನಲ್ಲೇ ಕೊರಗುವವರಿದ್ದಾರೆ. ಹಬ್ಬದ ಹೊತ್ತಿನಲ್ಲೇ ಧರ್ಮಕೇಂದ್ರ ಬಿಟ್ಟು ಹೊರಡಲಾಗದ ನಮ್ಮಂಥ ಗುರುಗಳೂ ಇದ್ದೇವೆ. ಇಂಥವರಿಗೆ ಫೋನು ದೇವರು ಕೊಟ್ಟ ಸೇತುವೆಯೇ. ಬೆರ್ತಾ ಅವರೂ ಗಂಡನ ಆತಂಕ ನೀಗಲು ತಂತಿ ಕಳುಹಿಸಲಿಲ್ಲವೇ? ಹೋಗಲಾಗದವರು ಮಾತಾಡಲಿ; ಹೋಗಬಲ್ಲವರು ಮಾತಿನಲ್ಲೇ ಮುಗಿಸದಿರಲಿ.

ಮೂರನೆಯದು, ನಮ್ಮೆಲ್ಲರಿಗೆ. ಮುಂದೆ ಹೇಳುತ್ತೇವೆ ಎಂದ ಮಾತು ಇದೇ. ಬೆರ್ತಾ ಅವರ ದಾರಿಯಲ್ಲಿದ್ದ ಕಮ್ಮಾರರಿಗೆ ಫೋರ್ಟ್ಸ್‌ಹೈಮಿನ ತಾಯಿ ಯಾರೆಂದು ಗೊತ್ತಿರಲಿಕ್ಕಿಲ್ಲ. ಅವರು ಚೈನನ್ನು ಸರಿಪಡಿಸಿದರು, ಆ ತಾಯಿ ಮಗಳನ್ನು ಕಂಡಳು. ನಮ್ಮ ಧರ್ಮಕೇಂದ್ರದಲ್ಲೇ ಮಕ್ಕಳೆಲ್ಲ ದೂರವಿರುವ ವೃದ್ಧರ ಮನೆಗಳಿವೆ. ನಿಮ್ಮ ಮನೆಯಿಂದ ನಾಲ್ಕನೆಯ ಬಾಗಿಲು ಅದಾಗಿರಬಹುದು. ಭಾನುವಾರ ನಿಮ್ಮ ಕಾರಿನಲ್ಲಿ ಒಂದು ಸೀಟು ಖಾಲಿ ಇದ್ದರೆ ಅವರನ್ನು ಪೂಜೆಗೆ ಕರೆತನ್ನಿ. ಔಷಧ ತರುವಾಗ ಅವರ ಚೀಟಿಯನ್ನೂ ಕೇಳಿ ಒಯ್ಯಿರಿ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು, ಯುವಜನರು, ಸ್ತ್ರೀ ಸಂಘಟನೆಯವರು ಕೂಡಿ ಅಂಥ ಮನೆಗಳ ಪಟ್ಟಿಯೊಂದನ್ನು ಮಾಡಲಿ. ನೀವು ಇಲ್ಲಿ ಇನ್ನೊಬ್ಬರ ತಾಯಿಯ ಬಾಗಿಲು ತಟ್ಟಿದರೆ, ದೂರದ ಊರಿನಲ್ಲಿ ನಿಮ್ಮ ತಾಯಿಯ ಬಾಗಿಲನ್ನೂ ಯಾರಾದರೂ ತಟ್ಟುವಂತೆ ದೇವರು ನೋಡಿಕೊಳ್ಳುತ್ತಾರೆ ಎಂದು ನಂಬೋಣ.

ಬೆರ್ತಾ ಅವರು ದೀರ್ಘಕಾಲ ಬಾಳಿದರು. ಕಾರ್ಲ್ 1925ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಕಷ್ಟದ ದಿನಗಳಲ್ಲಿ ತಮ್ಮ ಜೊತೆಗೆ ನಿಂತವರು ಹೆಂಡತಿಯೇ ಎಂದು ನೆನೆದಿದ್ದಾರೆ. 1944ರ ಮೇ 3ರಂದು 95 ವರ್ಷ ತುಂಬಿ, ಎರಡು ದಿನಗಳ ಬಳಿಕ ಬೆರ್ತಾ ಅವರು ತೀರಿಕೊಂಡರು. 2008ರಲ್ಲಿ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೋಗಿ ಮರಳುವ 194 ಕಿಲೋಮೀಟರ್ ದಾರಿಗೆ ಅವರ ಹೆಸರನ್ನಿಟ್ಟು ಫಲಕಗಳನ್ನು ನೆಟ್ಟರು. ಒಬ್ಬ ಮಗಳು ತವರಿಗೆ ಹೋಗಿಬಂದ ದಾರಿ ಇಂದು ಒಂದು ದೇಶದ ಹೆಮ್ಮೆಯ ದಾರಿಯಾಗಿದೆ. ನಮ್ಮ ಹೆಸರಿನಲ್ಲಿ ಯಾರೂ ಫಲಕ ನೆಡಬೇಕಾಗಿಲ್ಲ. ನಮ್ಮ ಊರಿನ ತಿರುವಿನಲ್ಲಿ ಹಾರ್ನ್ ಕೇಳಿದಾಗ ಕೈಯ ಕೆಲಸ ಬಿಟ್ಟು ಜಗಲಿಗೆ ಬರುವವರು ಇರುವಷ್ಟು ದಿನವಾದರೂ ಆ ದಾರಿಯಲ್ಲಿ ಹುಲ್ಲು ಬೆಳೆಯದಂತೆ ನೋಡಿಕೊಳ್ಳೋಣ.

ಈ ದಿವ್ಯ ಬಲಿಪೂಜೆಯಲ್ಲಿ ನಮ್ಮನ್ನು ಕಾಯುತ್ತಿರುವ ತಂದೆತಾಯಿಗಳನ್ನು, ಮಾತು ಬಿಟ್ಟ ಒಡಹುಟ್ಟಿದವರನ್ನು, ದೂರದಲ್ಲಿದ್ದು ಬರಲಾಗದ ಮಕ್ಕಳನ್ನು, ಇಂದು ದಾರಿಯಲ್ಲಿರುವ ಎಲ್ಲ ಪ್ರಯಾಣಿಕರನ್ನು ದೇವರ ಕೈಗೆ ಒಪ್ಪಿಸೋಣ. ಬೆಟ್ಟದ ದಾರಿಯಲ್ಲಿ ಅವಸರದಿಂದ ನಡೆದ ಮಾತೆ ಮರಿಯಮ್ಮನವರು ನಮ್ಮ ಮನೆಗಳಿಗೂ ಬರಲಿ. ನಮ್ಮನ್ನೂ ಇನ್ನೊಬ್ಬರ ಮನೆಗೆ ಕರೆದೊಯ್ಯಲಿ. ಆಮೆನ್.